ಬೇಸಿಗೆಯಲ್ಲಿ ಕಡಲತೀರದ ಹಕ್ಕಿಗಳನ್ನು ನೋಡುವುದು ಹೇಗೆ?

ಬೇಸಿಗೆಯಲ್ಲಿ ಕಡಲತೀರಕ್ಕೆ ಹೋದರೆ ಏನು ಹಕ್ಕಿ ಸಿಗುತ್ತೆ, ವಲಸೆ ಬಂದವೆಲ್ಲ ವಾಪಸ್ ಹೋಗಿರುತ್ತವೆ ಅಲ್ವಾ ಅಂತ ಕೇಳುವವರು ಬಹಳ ಜನ. ಇದು ಅರ್ಧ ಮಾತ್ರ ನಿಜ. ಚಳಿಗಾಲದಷ್ಟು ದೊಡ್ಡ ಹಿಂಡುಗಳು ಬೇಸಿಗೆಯಲ್ಲಿ ಎಲ್ಲ ಕಡೆ ಕಾಣುವುದಿಲ್ಲ. ಆದರೆ ಜೋಡಿಯಾಗುವುದು, ಕಾವು ಕೊಡುವುದು, ಮರಿಗೆ ಮೀನು ತರುವುದು, ಮರಿಗಳು ಮೊದಲ ಸಲ ರೆಕ್ಕೆ ಬಿಚ್ಚುವುದು, ಇವೆಲ್ಲ ನಡೆಯುವುದು ಹೆಚ್ಚಾಗಿ ಈ ಕಾಲದಲ್ಲೇ. ಸಂರಕ್ಷಿತ ಕಡಲತೀರದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಉಬ್ಬರ ಇಳಿತಕ್ಕೆ ತಕ್ಕಂತೆ ಎಲ್ಲಿ ನಿಲ್ಲಬೇಕು ಮತ್ತು ಗೂಡುಗಳಿಂದ ಎಷ್ಟು ದೂರ ನಿಲ್ಲಬೇಕು, ಇವೆರಡು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನೀವು ಹೋಗುವ ಜಾಗದ ಬೇಸಿಗೆ ಯಾವುದು?

ಉತ್ತರದ ತಂಪು ದೇಶಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೇಸಿಗೆ. ಅಲ್ಲಿ ಅದು ಗೂಡು ಕಟ್ಟುವ ಕಾಲ. ಬಿಸಿ ನಾಡುಗಳ ತೀರದಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಹೋಗಿರುತ್ತವೆ. ಆದರೂ ತೀರ ಪೂರ್ತಿ ಖಾಲಿಯಾಗುವುದಿಲ್ಲ. ಇನ್ನೂ ಮರಿ ಮಾಡುವ ವಯಸ್ಸಿಗೆ ಬರದ ಎಳೆಯ ಹಕ್ಕಿಗಳು ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತವೆ. ಮಾಸಲು ಬಣ್ಣದ ಒಂದು ಸಣ್ಣ ಗುಂಪು ಕೆಸರಿನಲ್ಲಿ ಕಂಡರೆ ಅವು ಅವೇ ಇರಬಹುದು.

ದಕ್ಷಿಣ ಗೋಳಾರ್ಧದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತೀರಗಳು ವಲಸೆ ಹಕ್ಕಿಗಳಿಂದ ತುಂಬಿರುವುದು ಆಗಲೇ. ಅಲಾಸ್ಕಾದಲ್ಲಿ ಹುಟ್ಟಿದ ಬಾರ್ ಟೇಲ್ಡ್ ಗಾಡ್ವಿಟ್ ಜಾತಿಯ ಒಂದು ಎಳೆಯ ಹಕ್ಕಿ 2022ರಲ್ಲಿ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿ ಬಂತು. ದೂರ 13,560 ಕಿ.ಮೀ. ಅದರ ಮೈಮೇಲಿದ್ದ ಸಣ್ಣ ಉಪಕರಣದಿಂದ ಇದು ಗೊತ್ತಾಯಿತು. ಇಂಥ ಹಕ್ಕಿ ಕಣ್ಣೆದುರು ಕೆಸರು ಕೆದಕುತ್ತಾ ನಿಂತಿದ್ದರೆ ಅದನ್ನು ಸುಮ್ನೆ ಹಾರಿಸುವ ಮನಸ್ಸು ಯಾರಿಗೂ ಬರಬಾರದು.

ಉತ್ತರದ ತೀರಕ್ಕೆ ಹೋಗುವವರಿಗೆ ಒಂದು ಸಲಹೆ. ಒಂದೇ ಸಲ ಹೋಗಲು ಆಗುವುದಾದರೆ ಜುಲೈ ಆರಿಸಿಕೊಳ್ಳಿ. ಆರ್ಕ್‌ಟಿಕ್‌ನಲ್ಲಿ ಮರಿ ಮಾಡಲು ಹೋದ ತೀರದ ಹಕ್ಕಿಗಳು ಅಷ್ಟು ಬೇಗ ಮರಳಲು ಶುರು ಮಾಡುತ್ತವೆ. ಮೊಟ್ಟೆ ಹಾಳಾದ ಹಕ್ಕಿಗಳು ಮೊದಲು ಬರುತ್ತವೆ. ಆಮೇಲೆ ಉಳಿದ ಬೆಳೆದ ಹಕ್ಕಿಗಳು. ಆ ವರ್ಷದ ಮರಿಗಳು ತಡವಾಗಿ, ಹೆಚ್ಚಿನ ಜಾತಿಗಳಲ್ಲಿ ತಂದೆ ತಾಯಿ ಜತೆಗಿಲ್ಲದೆ ಬರುತ್ತವೆ. ಜುಲೈನಲ್ಲಿ ಬರುವ ಬೆಳೆದ ಹಕ್ಕಿಗಳ ಮೈಮೇಲೆ ಗೂಡಿನ ಕಾಲದ ಬಣ್ಣ ಇನ್ನೂ ಇರುತ್ತದೆ. ನಾಟ್ ಹಕ್ಕಿ ಇಟ್ಟಿಗೆ ಕೆಂಪು, ಡನ್ಲಿನ್‌ಗೆ ಕಪ್ಪು ಹೊಟ್ಟೆ, ಗ್ರೇ ಪ್ಲವರ್‌ಗೆ ಮುಖದಿಂದ ಹೊಟ್ಟೆವರೆಗೆ ಕಪ್ಪು. ಚಳಿಗಾಲದಲ್ಲಿ ಇವೆಲ್ಲ ಬೂದು ಬೂದಾಗಿ ಕಾಣುತ್ತವೆ. ಹೊಸಬರಿಗೆ ಗುರುತು ಹಿಡಿಯಲು ಜುಲೈಯೇ ಸುಲಭ.

ಗಡಿಯಾರಕ್ಕಿಂತ ಮೊದಲು ಉಬ್ಬರದ ಪಟ್ಟಿ ನೋಡಿ

ಕಾಡಿನಲ್ಲಿ ಹಕ್ಕಿ ನೋಡುವವರು ಬೆಳಗ್ಗೆ ಬೇಗ ಏಳುತ್ತಾರೆ. ಕಡಲತೀರದಲ್ಲಿ ಅಷ್ಟೇ ಸಾಲದು. ಇಳಿತದ ಸಮಯಕ್ಕೆ ಹೋದರೆ ನೀರು ದೂರ ಸರಿದಿರುತ್ತದೆ. ಹಕ್ಕಿಗಳು ನೀರಂಚಿನಲ್ಲಿ ಹುಳ, ಚಿಪ್ಪು ಹುಡುಕುತ್ತಾ ಬರೀ ಚುಕ್ಕಿಗಳಾಗಿ ಕಾಣುತ್ತವೆ. ಅದೇ ಜಾಗಕ್ಕೆ ಉಬ್ಬರದ ಹೊತ್ತಿಗೆ ಹೋದರೆ ಕೆಸರು ಮುಳುಗುತ್ತಾ ಬಂದಂತೆ ಹಕ್ಕಿಗಳು ತಾವಾಗಿಯೇ ದಡದ ಕಡೆ ಬರುತ್ತವೆ. ನೀವು ಹಕ್ಕಿಯ ಹಿಂದೆ ಹೋಗಬೇಕಿಲ್ಲ, ಕಡಲೇ ಅವನ್ನು ನಿಮ್ಮ ಹತ್ತಿರ ಕರೆತರುತ್ತದೆ.

ಹಾಗಾಗಿ ಉಬ್ಬರದ ತುದಿಗೆ ಎರಡು ಗಂಟೆ ಮೊದಲು ಹೋಗಿ ಕುಳಿತುಬಿಡಿ. ಮೊದಲು ಚದುರಿದ್ದ ಹಕ್ಕಿಗಳು ನಿಧಾನಕ್ಕೆ ಒಂದು ಕಡೆ ಸೇರುತ್ತವೆ. ಕೊನೆಗೆ ಮರಳುದಿಬ್ಬದ ಮೇಲೋ ಒಳಗಿನ ಕೊಳದ ಅಂಚಿನಲ್ಲೋ ಒತ್ತೊತ್ತಾಗಿ ನಿಂತು, ಒಂದು ಕಾಲು ಮೇಲೆತ್ತಿ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ವಿಶ್ರಾಂತಿ ಪಡೆಯುತ್ತವೆ. ಎಣಿಸಲು, ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ನೀರು ಇಳಿಯಲು ಶುರುವಾದ ಮೇಲೂ ಸ್ವಲ್ಪ ಹೊತ್ತು ಇರಿ. ಹಸಿದ ಹಕ್ಕಿಗಳು ಆಗತಾನೇ ಹೊರಬಂದ ಕೆಸರಿಗೆ ಇಳಿಯುವುದು ನಿಮ್ಮ ಎದುರಿನಲ್ಲೇ.

ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ 7ಕ್ಕೆ ಉಬ್ಬರ ಇದ್ದರೆ ನಾಳೆ 8ರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಆಗ ಕೆಸರು ಪೂರ್ತಿ ಮುಳುಗದೆ ಹಕ್ಕಿಗಳು ದೂರದಲ್ಲೇ ಉಳಿದುಬಿಡಬಹುದು. ಹಾಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಹತ್ತಿರ ಇರುವ, ಉಬ್ಬರ ಬೆಳಗಿನ ಹೊತ್ತಿಗೆ ಅಥವಾ ಇಳಿಸಂಜೆಗೆ ಬರುವ ದಿನ ಹುಡುಕಿ. ಆದರೆ ಮೆಡಿಟರೇನಿಯನ್, ಬಾಲ್ಟಿಕ್‌ನಂಥ ಕಡಲುಗಳಲ್ಲಿ ಉಬ್ಬರ ಇಳಿತ ಬಹಳ ಕಡಿಮೆ. ಅಲ್ಲಿ ಈ ಲೆಕ್ಕ ಬೇಕಾಗುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಸಾಕು.

ಉಬ್ಬರ ಇಳಿತದ ಸಮಯ ತಿಳಿಸುವ ಈ ಪಟ್ಟಿ ಹಕ್ಕಿಗಷ್ಟೇ ಅಲ್ಲ, ನಿಮ್ಮ ಜೀವಕ್ಕೂ ಬೇಕು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಒಂದು ಗಂಟೆ ನಿಧಾನ, ನಡುವಿನ ಗಂಟೆಗಳಲ್ಲಿ ಬಹಳ ಜೋರು. ಮರಳುದಿಬ್ಬದ ಮೇಲೆ ಮೈಮರೆತು ನಿಂತರೆ ಹಿಂದಿನ ತಗ್ಗಿನಲ್ಲಿ ನೀರು ತುಂಬಿ ದಾರಿ ಮುಚ್ಚಿಹೋಗುತ್ತದೆ. ಮೆತ್ತನೆಯ ಕೆಸರಿಗಂತೂ ಕಾಲಿಡಲೇಬೇಡಿ.

ಬೆಳಕು, ಬಿಸಿಲು, ಸಾಮಾನು

ಸೂರ್ಯ ಬೆನ್ನ ಹಿಂದೆ ಇರಬೇಕು. ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ. ಪೂರ್ವಕ್ಕೆ ಮುಖ ಮಾಡಿದ ತೀರಕ್ಕೆ ಸಂಜೆ, ಪಶ್ಚಿಮಕ್ಕೆ ಮುಖ ಮಾಡಿದ ತೀರಕ್ಕೆ ಬೆಳಗ್ಗೆ ಹೋದರೆ ಬಣ್ಣಗಳು ಸರಿಯಾಗಿ ಕಾಣುತ್ತವೆ. ನಡುಮಧ್ಯಾಹ್ನ ಕಾದ ಮರಳಿನ ಮೇಲೆ ಗಾಳಿ ನಡುಗುತ್ತದೆ. ಆಗ ಎಷ್ಟು ಒಳ್ಳೆಯ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇದ್ದರೂ ದೂರದ ಹಕ್ಕಿ ಕಲಸಿದಂತೆ ಕಾಣುತ್ತದೆ. ಅದು ಮಸೂರದ ದೋಷ ಅಲ್ಲ. ಜೂಮ್ ಕಡಿಮೆ ಮಾಡಿ, ಇಲ್ಲವೇ ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ ನೋಡಿ.

ಬೈನಾಕ್ಯುಲರ್ 8x42 ಆದರೆ ಸಾಕು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರ್‌ಗಳಲ್ಲಿ. 10 ಪಟ್ಟಿನದು ಇನ್ನೂ ಹತ್ತಿರ ತೋರಿಸುತ್ತದೆ ನಿಜ. ಆದರೆ ಕಡಲಗಾಳಿಗೆ ಕೈ ಅಲುಗಿದರೆ ಚಿತ್ರವೂ ಅಷ್ಟೇ ಜಾಸ್ತಿ ಅಲುಗುತ್ತದೆ. ಹಾರುವ ಹಕ್ಕಿಯನ್ನು ಅದರೊಳಗೆ ಹಿಡಿಯುವುದೂ ಕಷ್ಟ. ಟ್ರೈಪಾಡ್ ಮೇಲೆ ಒಂದು ಸ್ಪಾಟಿಂಗ್ ಸ್ಕೋಪ್ ಇದ್ದರೆ ಕಡಲತೀರದಲ್ಲಿ ಬಹಳ ಉಪಯೋಗ. ನಿಮ್ಮದೇ ಇರಬೇಕಂತಿಲ್ಲ. ಪಕ್ಕದಲ್ಲಿ ಸ್ಕೋಪ್ ಇಟ್ಟುಕೊಂಡವರನ್ನು ಕೇಳಿ, ಹಕ್ಕಿ ನೋಡುವವರಲ್ಲಿ ಹೆಚ್ಚಿನವರು ಖುಷಿಯಿಂದ ತೋರಿಸುತ್ತಾರೆ. ಬೈನಾಕ್ಯುಲರ್ ಆಗಲಿ ಸ್ಕೋಪ್ ಆಗಲಿ, ಸೂರ್ಯನ ಕಡೆ ತಿರುಗಿಸಲೇಬೇಡಿ. ಕಣ್ಣು ಹೋಗುತ್ತದೆ.

ಅಗಲ ಅಂಚಿನ ಟೋಪಿ, ಬೇಕೆನಿಸಿದ್ದಕ್ಕಿಂತ ಜಾಸ್ತಿ ಕುಡಿಯುವ ನೀರು, ಮಣ್ಣಿನ ಬಣ್ಣದ ತುಂಬು ತೋಳಿನ ಬಟ್ಟೆ, ಉಪ್ಪುನೀರಿನ ಹನಿ ಒರೆಸಲು ಮೆತ್ತನೆಯ ಬಟ್ಟೆ. ಇಷ್ಟು ಚೀಲದಲ್ಲಿರಲಿ.

ಹೆಸರಿಗಿಂತ ಮೊದಲು ನಡವಳಿಕೆ ನೋಡಿ

ಪುಸ್ತಕದ ಚಿತ್ರ ನೋಡಿ ಬಣ್ಣ ಹೋಲಿಸಲು ಹೊರಟರೆ ಹೊಸಬರಿಗೆ ತಲೆ ಕೆಡುತ್ತದೆ. ಹಕ್ಕಿ ಏನು ಮಾಡುತ್ತಿದೆ ಅಂತ ನೋಡಿ. ಎರಡು ಹೆಜ್ಜೆ ಓಡಿ ಗಕ್ಕನೆ ನಿಂತು ಕುಕ್ಕಿ, ಮತ್ತೆ ಓಡಿದರೆ ಅದು ಪ್ಲವರ್ ಇರಬಹುದು. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಅದು ಕಣ್ಣಿನಿಂದಲೇ ಬೇಟೆ ಹುಡುಕುತ್ತದೆ. ತಲೆ ಬಗ್ಗಿಸಿ ಕೆಸರಿಗೆ ಕೊಕ್ಕನ್ನು ಪದೇ ಪದೇ ಚುಚ್ಚುತ್ತಾ ಹೋದರೆ ಸ್ಯಾಂಡ್‌ಪೈಪರ್ ಗುಂಪಿನದು. ಅದಕ್ಕೆ ಕೊಕ್ಕಿನ ತುದಿಯಲ್ಲೇ ಸ್ಪರ್ಶ ಜಾಸ್ತಿ. ಕರ್ಲ್ಯೂವಿನ ಉದ್ದ ಬಾಗಿದ ಕೊಕ್ಕು ಆಳದ ಬಿಲದಲ್ಲಿರುವ ಹುಳುವಿಗೂ ತಲುಪುತ್ತದೆ. ಒಂದೇ ಕೆಸರಿನಲ್ಲಿ ಇಷ್ಟೊಂದು ಜಾತಿಗಳು ಜಗಳವಿಲ್ಲದೆ ತಿನ್ನಲು ಇದೂ ಒಂದು ಕಾರಣ. ಒಂದೊಂದರ ಕೊಕ್ಕು ಒಂದೊಂದು ಆಳಕ್ಕೆ. ಸ್ಯಾಂಡರ್‌ಲಿಂಗ್ ಅಂತೂ ಅಲೆ ಹಿಂದೆ ಹೋದಾಗ ಬೆನ್ನಟ್ಟಿ ಓಡಿ, ಅಲೆ ಬಂದಾಗ ದಡಕ್ಕೆ ಓಡಿ ಬರುತ್ತದೆ. ನೀರಿಗೆ ಹೆದರುತ್ತಲೇ ಆಡುವ ಮಕ್ಕಳ ಹಾಗೆ.

ಬೇಸಿಗೆಯ ಕಡಲತೀರದ ನಿಜವಾದ ನಾಯಕರು ಟರ್ನ್‌ಗಳು, ಕನ್ನಡದಲ್ಲಿ ರೀವಗಳು. ಸೀಗಲ್ ಜತೆ ಇವನ್ನು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ರೀವದ ಮೈ ತೆಳ್ಳಗೆ, ರೆಕ್ಕೆ ಚೂಪು, ಬಾಲ ಹೆಚ್ಚಾಗಿ ಕವಲೊಡೆದಿರುತ್ತದೆ. ಹಾರುವಾಗ ಕೊಕ್ಕನ್ನು ಕೆಳಗೆ ಮಾಡಿ ನೀರನ್ನೇ ನೋಡುತ್ತಿರುತ್ತದೆ. ಒಂದು ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆಕೆಳಗಾಗಿ ನೀರಿಗೆ ಧುಮುಕಿತೋ, ಅದು ರೀವವೇ. ಸೀಗಲ್‌ನ ಮೈ ದಪ್ಪ, ರೆಕ್ಕೆ ಅಗಲ, ಹಾರಾಟ ನಿಧಾನ. ಕಂದು ಬಣ್ಣದ ಸೀಗಲ್ ಕಂಡು ಹೊಸ ಜಾತಿ ಅಂದುಕೊಳ್ಳಬೇಡಿ. ಎಳೆಯ ಸೀಗಲ್‌ಗಳಲ್ಲಿ ಹೆಚ್ಚಿನವು ಕಂದು. ಜಾತಿಗೆ ತಕ್ಕಂತೆ ದೊಡ್ಡವರ ಬಣ್ಣ ಬರಲು ಎರಡರಿಂದ ನಾಲ್ಕು ವರ್ಷ ಬೇಕು.

ರೀವ ಮೀನು ಹಿಡಿದ ಮೇಲೆ ಅದನ್ನೇ ಹಿಂಬಾಲಿಸಿ ನೋಡಿ. ನುಂಗಿದರೆ ಅದರ ಊಟ ಆಯಿತು. ಕೊಕ್ಕಿನಲ್ಲಿ ಅಡ್ಡ ಹಿಡಿದು ಒಂದೇ ದಿಕ್ಕಿಗೆ ನೇರ ಹಾರಿದರೆ ಮರಿಗೆ ಅಥವಾ ಜೋಡಿಗೆ ಒಯ್ಯುತ್ತಿದೆ. ಗಂಡು ರೀವ ಹೆಣ್ಣಿಗೆ ಮೀನು ಕೊಟ್ಟು ಓಲೈಸುತ್ತದೆ. ಹೆಣ್ಣು ಮೊಟ್ಟೆ ಇಡುವ ದಿನಗಳಲ್ಲಿ ಆ ಮೀನು ಅವಳಿಗೆ ಒಳ್ಳೆಯ ಆಹಾರವೂ ಹೌದು. ಅರ್ಧ ಗಂಟೆ ಇದನ್ನೇ ನೋಡುತ್ತಾ ಕೂತರೂ ಬೇಸರ ಬರುವುದಿಲ್ಲ. ಇದೇ ಗುಂಪಿನ ಆರ್ಕ್‌ಟಿಕ್ ಟರ್ನ್ ಉತ್ತರದ ಬೇಸಿಗೆ ಮುಗಿಸಿ ಅಂಟಾರ್ಕ್‌ಟಿಕ್‌ನ ಬೇಸಿಗೆಗೆ ಹೋಗುತ್ತದೆ. ಗ್ರೀನ್‌ಲೆಂಡ್‌ನಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಸಣ್ಣ ಉಪಕರಣ ಕಟ್ಟಿ ನೋಡಿದಾಗ ಅವು ವರ್ಷಕ್ಕೆ ಸರಾಸರಿ 70,000 ಕಿ.ಮೀ. ಹಾರುವುದು ಕಂಡುಬಂತು.

ಗೂಡು ನಿಮ್ಮ ಕಾಲಡಿಯಲ್ಲೇ ಇರಬಹುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ತೀರದ ಪ್ಲವರ್‌ಗಳು, ಅನೇಕ ರೀವಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ. ಮರಳಲ್ಲಿ, ಬೆಣಚುಕಲ್ಲಿನ ನಡುವೆ ಎದೆಯಿಂದ ಒತ್ತಿ ಒಂದು ಗುಳಿ ಮಾಡಿ ಅದರಲ್ಲೇ ಮೊಟ್ಟೆ ಇಡುತ್ತವೆ. ಮರಳಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಎರಡು ಹೆಜ್ಜೆ ದೂರದಿಂದಲೂ ಕಾಣುವುದು ಕಷ್ಟ. ನರಿ, ಕಾಗೆ, ಸೀಗಲ್‌ಗಳಿಂದ ಕಾಪಾಡುವ ಆ ಬಣ್ಣವೇ ನಮ್ಮ ಚಪ್ಪಲಿಯ ಕೆಳಗೆ ಅವಕ್ಕೆ ಮುಳುವಾಗುತ್ತದೆ.

ತುಳಿಯದಿದ್ದರೂ ಹಾನಿ ಆಗುತ್ತದೆ. ಬೇಸಿಗೆಯ ಸುಡುಬಿಸಿಲಿನಲ್ಲಿ ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲೂ ಹೌದು. ಕೆಂಟಿಷ್ ಪ್ಲವರ್, ಟಿಟ್ಟಿಭದಂಥ ಹಕ್ಕಿಗಳು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತವೆ. ನೀವು ಹತ್ತಿರ ಹೋಗಿ ಅದು ಎದ್ದು ಹೋದರೆ, ಸ್ವಲ್ಪ ಹೊತ್ತಿನಲ್ಲೇ ಬಿಸಿಲಿಗೆ ಮೊಟ್ಟೆಯೊಳಗಿನ ಜೀವ ಹೋಗಬಹುದು. ಫೋಟೋಗಾಗಿ ಹಕ್ಕಿಯನ್ನು ಗೂಡಿನಿಂದ ಎಬ್ಬಿಸುವುದನ್ನು ನಾನು ಹವ್ಯಾಸ ಅಂತ ಕರೆಯಲಾರೆ.

ಹಾಗಾದರೆ ನಡೆಯುವುದು ಎಲ್ಲಿ? ಉಬ್ಬರದ ನೀರು ಪಾಚಿ, ಕಸ ಬಿಟ್ಟುಹೋದ ಗೆರೆ ಕಾಣುತ್ತದಲ್ಲ, ಅದರಿಂದ ಕಡಲ ಕಡೆಗೆ, ಒದ್ದೆ ಮರಳಿನಲ್ಲೇ ನಡೆಯಿರಿ. ಗೂಡುಗಳು ಆ ಗೆರೆಯಿಂದ ಮೇಲಿನ ಒಣ ಮರಳಿನಲ್ಲಿರುತ್ತವೆ. ಹಗ್ಗ ಕಟ್ಟಿದ್ದರೆ, ಫಲಕ ಹಾಕಿದ್ದರೆ ಒಳಗೆ ಹೋಗಲೇಬೇಡಿ. ಅಮೆರಿಕದ ಪೈಪಿಂಗ್ ಪ್ಲವರ್‌ನಂಥ ಅಪಾಯದಲ್ಲಿರುವ ಹಕ್ಕಿಗೆ ಬರೀ ಒಂದು ಹಗ್ಗದ ಬೇಲಿಯೂ ದೊಡ್ಡ ಆಸರೆ. ನಾಯಿಯನ್ನು ಕರೆತರದಿದ್ದರೆ ಒಳ್ಳೆಯದು. ಡ್ರೋನ್ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ನೀವು ತೀರಾ ಹತ್ತಿರ ಬಂದಿದ್ದೀರಿ ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ. ಒಂದೇ ಸಮನೆ ಕೀಚು ದನಿಯಲ್ಲಿ ಕೂಗುತ್ತದೆ. ಸ್ವಲ್ಪ ದೂರ ಓಡಿ, ನಿಂತು, ತಿರುಗಿ ನೋಡುತ್ತದೆ. ಪ್ಲವರ್ ಆದರೆ ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ ಹೋಗುತ್ತದೆ. ಅದಕ್ಕೆ ಏಟಾಗಿಲ್ಲ. ನಿಮ್ಮನ್ನು ಗೂಡಿನಿಂದ ದೂರ ಕರೆದೊಯ್ಯಲು ಹಾಗೆ ನಟಿಸುತ್ತಿದೆ. ರೀವಗಳು ನಟಿಸುವುದಿಲ್ಲ, ನೇರ ತಲೆಗೇ ಎರಗುತ್ತವೆ. ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೆ ಜೂನ್‌ನಲ್ಲಿ ಹೋಗುವವರಿಗೆ ಟೋಪಿ ಹಾಕಿಕೊಳ್ಳಿ ಅಂತ ಹೇಳುವುದು ಇದಕ್ಕೇ. ಇಂಥ ಯಾವುದೇ ಲಕ್ಷಣ ಕಂಡರೆ ಮೊದಲು ನಿಂತುಬಿಡಿ. ಕಾಲಡಿ ನೋಡಿ. ಬಂದ ಹೆಜ್ಜೆ ಗುರುತಿನ ಮೇಲೇ ವಾಪಸ್ ನಡೆಯಿರಿ. ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಕೂಗು ನಿಂತು ಹಕ್ಕಿ ಮತ್ತೆ ಕುಳಿತರೆ, ನೀವು ನಿಲ್ಲಬೇಕಾದ ದೂರ ಅದು.

ಪ್ಲವರ್ ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡಾಡುತ್ತದೆ. ಅಪಾಯ ಕಂಡರೆ ನೆಲಕ್ಕೆ ಅಂಟಿ ಕದಲದೆ ಮಲಗುತ್ತದೆ. ಅನಾಥ ಮರಿ ಅಂತ ಎತ್ತಿಕೊಳ್ಳಬೇಡಿ, ತಾಯಿ ಅಲ್ಲೇ ಎಲ್ಲೋ ನೀವು ಹೋಗುವುದನ್ನೇ ಕಾಯುತ್ತಿರುತ್ತದೆ.

ಹಕ್ಕಿ ಮಂಕಾದ ಹೊತ್ತಿನಲ್ಲಿ

ಮಧ್ಯಾಹ್ನ ಹಕ್ಕಿಗಳು ಸುಮ್ಮನಾದಾಗ ಉಳಿದ ಜೀವಿಗಳ ಸರದಿ. ಮರಳುದಿಬ್ಬದ ಹೂಗಳ ಮೇಲೆ ಚಿಟ್ಟೆ, ಕೊಳದ ಜೊಂಡಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಚುರುಕಾಗುವುದು ಬಿಸಿಲಲ್ಲೇ. ಬಿಸಿ ನಾಡಿನ ತೀರವಾದರೆ ಇಳಿತದ ಕೆಸರಿನಲ್ಲಿ ಗಂಡು ಫಿಡ್ಲರ್ ಏಡಿಗಳು ತಮ್ಮ ಒಂದೇ ಒಂದು ದೊಡ್ಡ ಕೊಂಡಿ ಬೀಸುತ್ತಾ ಹೆಣ್ಣನ್ನು ಕರೆಯುವುದು ಕಾಣುತ್ತದೆ.

ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಮೇ, ಜೂನ್ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ ಹಾರ್ಸ್‌ಶೂ ಏಡಿಗಳು ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಹೆಸರಿಗೆ ಏಡಿಯಾದರೂ ಇವು ಜೇಡಗಳಿಗೆ ಹತ್ತಿರದ ಸಂಬಂಧಿ. ದಕ್ಷಿಣ ಅಮೆರಿಕದಿಂದ ಹಾರಿ ಸೊರಗಿ ಬಂದ ಕೆಂಪು ನಾಟ್ ಹಕ್ಕಿಗಳು ಆ ಮೊಟ್ಟೆ ತಿಂದು ಸುಮಾರು ಎರಡು ವಾರದಲ್ಲಿ ತೂಕ ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಂಡು ಆರ್ಕ್‌ಟಿಕ್‌ಗೆ ಹೊರಡುತ್ತವೆ. ಹಾರ್ಸ್‌ಶೂ ಏಡಿಗಳನ್ನು ಜನ ವಿಪರೀತ ಹಿಡಿದಾಗ ಈ ಹಕ್ಕಿಗಳ ಸಂಖ್ಯೆಯೂ ಕುಸಿಯಿತು. ಹಾಗಾಗಿ ಏಡಿ, ಚಿಪ್ಪು, ಹುಳಗಳನ್ನೂ ಬರೆದುಕೊಳ್ಳಿ.

ತಂಪು ದೇಶಗಳ ಮರಳದಂಡೆಗಳಲ್ಲಿ ಬೇಸಿಗೆಗೆ ಹಾರ್ಬರ್ ಸೀಲ್‌ಗಳು ಮರಿ ಹಾಕುತ್ತವೆ. ಮಲಗಿದ ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ನೀವು ಆಗಲೇ ಹತ್ತಿರವಾಗಿದ್ದೀರಿ, ಹಿಂದೆ ಸರಿಯಿರಿ. ದಡದಲ್ಲಿ ಮರಿ ಒಂಟಿಯಾಗಿದ್ದರೆ ನೀರಿಗೆ ತಳ್ಳಬೇಡಿ. ದೂರದಿಂದ ನೋಡಿ, ತೀರವನ್ನು ಕಾಯುವ ಪಾಲಕರಿಗೆ ತಿಳಿಸಿ. ಕಡಲಾಮೆ ಮೊಟ್ಟೆ ಇಡುವ ತೀರವಾದರೆ ರಾತ್ರಿ ಟಾರ್ಚ್, ಮೊಬೈಲ್ ಬೆಳಕು ಎರಡೂ ಬೇಡ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿರುವ ಕಡೆಗೆ ಹೋಗುತ್ತವೆ. ನಮ್ಮ ದೀಪ ಅವನ್ನು ಕಡಲಿನಿಂದ ದಾರಿ ತಪ್ಪಿಸುತ್ತದೆ.

ಸತ್ತ ಅಥವಾ ಕಾಯಿಲೆ ಬಿದ್ದ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. 2022ರಲ್ಲಿ ಹಕ್ಕಿ ಜ್ವರ ಸ್ಕಾಟ್ಲೆಂಡಿನ ಬಾಸ್ ರಾಕ್ ದ್ವೀಪದಲ್ಲಿ ಗ್ಯಾನೆಟ್ ಎಂಬ ಸಾವಿರಾರು ಕಡಲಹಕ್ಕಿಗಳನ್ನು ಕೊಂದಿತು. ಎಲ್ಲಿ ಬಿದ್ದಿದೆ ಅಂತ ಗುರುತು ಮಾಡಿಕೊಂಡು ಪಾಲಕರಿಗೆ ಹೇಳಿದರೆ ಸಾಕು.

ನೋಡಿದ್ದನ್ನು ಬರೆದಿಡಿ

ದಿನಾಂಕ, ಸಮಯ, ಗಾಳಿ ಎತ್ತಲಿಂದ, ಉಬ್ಬರವೋ ಇಳಿತವೋ, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು. ಇಷ್ಟು ಸಾಕು. ಹೆಸರು ಗೊತ್ತಾಗದಿದ್ದರೆ ಕೊಕ್ಕು, ಕಾಲಿನ ಬಣ್ಣ, ನಡಿಗೆ ಬರೆದುಕೊಳ್ಳಿ, ಒಂದು ಚಿತ್ರ ಗೀಚಿ. ಚೆನ್ನಾಗಿರಬೇಕಂತಿಲ್ಲ. ಇ-ಬರ್ಡ್‌ನಂಥ ತಾಣಕ್ಕೆ ಪಟ್ಟಿ ಸೇರಿಸಿದರೆ ಸಂಶೋಧಕರಿಗೂ ಉಪಯೋಗ. ಆದರೆ ಗೂಡು ಇರುವ ನಿಖರ ಜಾಗವನ್ನು ಯಾವ ಗುಂಪಿನಲ್ಲೂ ಹಾಕಬೇಡಿ.

ಹಕ್ಕಿಯ ಕಾಲುಗಳನ್ನೂ ಗಮನಿಸಿ. ಸಂಶೋಧಕರು ತೊಡಿಸಿದ ಉಂಗುರ ಅಥವಾ ಬಣ್ಣದ ಪುಟ್ಟ ಪಟ್ಟಿ ಇದ್ದರೆ ಅದರ ಬಣ್ಣ, ಯಾವ ಕಾಲು, ಮಂಡಿಯಿಂದ ಮೇಲೋ ಕೆಳಗೋ, ಅಕ್ಷರ ಇದ್ದರೆ ಏನು, ಎಲ್ಲ ಬರೆಯಿರಿ. ಆಗುವುದಾದರೆ ದೂರದಿಂದಲೇ ಫೋಟೋ ತೆಗೆಯಿರಿ. 1995ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಒಂದು ನಾಟ್ ಹಕ್ಕಿಗೆ ಉಂಗುರ ತೊಡಿಸಿದ್ದರು. ಆಮೇಲೆ ಅದರ ಪಟ್ಟಿಯ ಮೇಲೆ ಬಿ95 ಅಂತ ಬರೆದಿತ್ತು. ಪ್ರತಿ ವರ್ಷ ಭೂಮಿಯ ಒಂದು ತುದಿಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ ಅದು 2014ರಲ್ಲೂ ಕಂಡಿತು. ಅದು ಅಷ್ಟು ವರ್ಷ ಬದುಕಿತ್ತು ಅಂತ ಜಗತ್ತಿಗೆ ಗೊತ್ತಾಗಿದ್ದು, ತೀರದಲ್ಲಿ ನಿಂತು ಆ ಮೂರು ಅಕ್ಷರಗಳನ್ನು ಓದಿ ತಿಳಿಸಿದವರಿಂದ. ನೀವು ಓದಿದ್ದನ್ನು ನಿಮ್ಮ ದೇಶದ ಉಂಗುರ ತೊಡಿಸುವ ಕೇಂದ್ರಕ್ಕೆ ಕಳಿಸಿ. ಆ ಹಕ್ಕಿ ಎಲ್ಲಿ ಹುಟ್ಟಿತ್ತು, ಎಲ್ಲೆಲ್ಲಿ ಕಂಡಿತ್ತು ಅನ್ನುವ ವಿವರ ಸಾಮಾನ್ಯವಾಗಿ ನಿಮಗೂ ಬರುತ್ತದೆ.